ಹೊಕ್ಕುಳಬಳ್ಳಿಯ ರಕ್ತದಲ್ಲಿ ಲೆಪ್ಟಿನ್ ಕಮ್ಮಿ ಇದ್ದರೆ ಮಗುವಿನ ತೂಕ ಬೇಗ ಏರುತ್ತದೆಯೇ? ಮಾಹಿತಿ ಹಾಳೆಗೆ ಬೇಕಿತ್ತು

ಪಯಸ್ವಿನಿ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಕುಂಬ್ಡಾಜೆ, ಎಣ್ಮಕಜೆ ಪಂಚಾಯತುಗಳ ಅಂಗನವಾಡಿಗಳಲ್ಲಿ ಬಾಣಂತಿಯರಿಗೆ ಕೊಡಲು ಕನ್ನಡದಲ್ಲಿ ನಾಲ್ಕು ಪುಟದ ಹಾಳೆಯೊಂದು ತಯಾರಾಗುತ್ತಿದೆ. ಇಲ್ಲಿ ಸಿಗುವ ತಾಯಿ-ಮಗು ಕಾರ್ಡು ಹೆಚ್ಚಾಗಿ ಮಲಯಾಳದಲ್ಲಿ, ಮಂಗಳೂರಿನಲ್ಲಿ ಹೆರಿಗೆಯಾದರೆ ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ. ಕನ್ನಡ ಮಾತ್ರ ಓದುವ ಮನೆಯವರಿಗೆ ತೂಕದ ಗೆರೆ ಏನು ಹೇಳುತ್ತದೆ ಅಂತ ಗೊತ್ತೇ ಆಗುವುದಿಲ್ಲ.

ಉದಾಹರಣೆಗೆ ಈ ಲೆಕ್ಕ ಇಟ್ಟುಕೊಂಡಿದ್ದೇವೆ. ದಿನ ತುಂಬಿ ಹುಟ್ಟಿದ ಹೆಣ್ಣುಮಗು, ತೂಕ 2.3 ಕಿಲೋ, ಉದ್ದ 46 ಸೆಂ.ಮೀ. ಒಂದು ತಿಂಗಳಿಗೆ 3.4, ಎರಡಕ್ಕೆ 4.7, ಮೂರು ತಿಂಗಳಿಗೆ 5.8 ಕಿಲೋ, ಆಗ ಉದ್ದ 57 ಸೆಂ.ಮೀ. "ಗುಂಡುಗುಂಡಗೆ ಆಯ್ತು" ಅಂತ ಮನೆಯವರಿಗೆಲ್ಲ ಸಂತೋಷ. ಇದು ನಿಜಕ್ಕೂ ಸಂತೋಷದ ವಿಷಯವೋ, ಗಮನ ಇಡಬೇಕಾದದ್ದೋ?

ಇನ್ನು ಹಾರ್ಮೋನಿನ ವಿಷಯ. ಲೆಪ್ಟಿನ್, ಅಡಿಪೊನೆಕ್ಟಿನ್ ಎರಡೂ ಕೊಬ್ಬಿನ ಕೋಶಗಳು ರಕ್ತಕ್ಕೆ ಬಿಡುವ ಹಾರ್ಮೋನುಗಳು. ದೊಡ್ಡವರಲ್ಲಿ ಕೊಬ್ಬು ಹೆಚ್ಚಿದಷ್ಟೂ ಲೆಪ್ಟಿನ್ ಹೆಚ್ಚು, ಅಡಿಪೊನೆಕ್ಟಿನ್ ಕಮ್ಮಿ. ಶಿಶುಗಳಲ್ಲಿ ಎರಡೂ ಒಟ್ಟಿಗೆ ಹೆಚ್ಚಿರುತ್ತವೆ ಅಂತ ಓದಿದೆ. ಯಾಕೆ ಹಾಗೆ? ಹುಟ್ಟುವಾಗಲೇ ಬಳ್ಳಿಯ ರಕ್ತ ಪರೀಕ್ಷೆ ಮಾಡಿಸಿದರೆ ಮುಂದೆ ಯಾವ ಮಗು ದಪ್ಪ ಆಗುತ್ತದೆ ಅಂತ ಹೇಳಬಹುದೇ? ಎದೆಹಾಲಿನಲ್ಲಿ ಲೆಪ್ಟಿನ್ ಇದೆ, ಡಬ್ಬದ ಹಾಲಿನಲ್ಲಿಲ್ಲ ಎಂಬ ಮಾತನ್ನು ಹಾಳೆಯಲ್ಲಿ ಹಾಕಬಹುದೇ? ವಿವರವಾಗಿ ಬರೆದರೆ ಉಪಕಾರ.

ಮಧುವಾಹಿನಿ

ಪಯಸ್ವಿನಿಯವರೇ, ಹಾರ್ಮೋನಿನಿಂದಲೇ ಶುರು ಮಾಡುತ್ತೇನೆ. ಅದು ಸ್ಪಷ್ಟವಾದರೆ ಉಳಿದದ್ದು ಸುಲಭ.

ಲೆಪ್ಟಿನ್ ಪತ್ತೆಯಾದದ್ದು 1994ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ಪ್ರಯೋಗಾಲಯದಲ್ಲಿ. ಕೊಬ್ಬಿನ ಜೀವಕೋಶ ಇದನ್ನು ರಕ್ತಕ್ಕೆ ಬಿಡುತ್ತದೆ, ಮಿದುಳಿನ ಹೈಪೊಥಲಾಮಸ್ ಅದನ್ನು ಓದಿಕೊಂಡು ಹಸಿವನ್ನು ಹತೋಟಿಯಲ್ಲಿಡುತ್ತದೆ. ಅಕ್ಕಿ ಡಬ್ಬಿಯಲ್ಲಿ ಎಷ್ಟು ಉಳಿದಿದೆ ಅಂತ ತೋರಿಸುವ ಗೆರೆಯ ಹಾಗೆ, ಮೈಯಲ್ಲಿ ಎಷ್ಟು ದಾಸ್ತಾನು ಇದೆ ಎಂಬುದರ ಗುರುತು ಅದು. ಗರ್ಭದ ಕೊನೆಯ ಎಂಟು ಹತ್ತು ವಾರಗಳಲ್ಲಿ ಮಗುವಿಗೆ ಕೊಬ್ಬು ಕೂಡುತ್ತದೆ. ಹಾಗಾಗಿ 34 ವಾರಕ್ಕಿಂತ ಮೊದಲೇ ಹುಟ್ಟಿದ ಮಕ್ಕಳಲ್ಲಿ ಲೆಪ್ಟಿನ್ ತೀರಾ ಕಮ್ಮಿ. ದಿನ ತುಂಬಿದ ಮಕ್ಕಳಲ್ಲಿ ಜನನ ತೂಕದ ಜತೆಗೇ ಏರುತ್ತದೆ, ಗಂಡಿಗಿಂತ ಹೆಣ್ಣಿನಲ್ಲಿ ಹೆಚ್ಚು. ಹುಟ್ಟಿದ ಕೆಲವೇ ದಿನಗಳಲ್ಲಿ ಈ ಮಟ್ಟ ಧಡಕ್ಕನೆ ಇಳಿಯುತ್ತದೆ. ಹಸಿವಿಗೆ ಇದ್ದ ತಡೆ ಸಡಿಲವಾಗಿ ಮಗು ಹಾಲು ಕುಡಿಯಲಿ ಎಂಬುದಕ್ಕೆ ಇದು ಅನುಕೂಲವೇ.

ಹುಟ್ಟಿನಿಂದಲೇ ಲೆಪ್ಟಿನ್ ತಯಾರಾಗದ ಬಹಳ ಅಪರೂಪದ ವಂಶವಾಹಿ ದೋಷವೊಂದಿದೆ. ಅದನ್ನು ಮೊದಲು ವರದಿ ಮಾಡಿದ್ದು 1997ರಲ್ಲಿ. ಆ ಮಕ್ಕಳ ಜನನ ತೂಕ ಸಾಮಾನ್ಯವಾಗಿಯೇ ಇರುತ್ತದೆ. ಮೊದಲ ಕೆಲವು ತಿಂಗಳಲ್ಲಿ ತಣಿಯದ ಹಸಿವು, ಏರುತ್ತಲೇ ಹೋಗುವ ತೂಕ. ಅಂದರೆ ಹೊಟ್ಟೆಯೊಳಗೆ ಬೆಳೆಯಲು ಲೆಪ್ಟಿನ್ ಅನಿವಾರ್ಯವಲ್ಲ, ಹೊರಬಂದ ಮೇಲೆ "ಸಾಕು" ಅನ್ನಲು ಬೇಕು. ನಿಮ್ಮ ಇಡೀ ಪ್ರಶ್ನೆಗೆ ಬೆಳಕು ಬರುವುದು ಇಲ್ಲಿಂದ.

ಸಾಮಾನ್ಯ ಮಕ್ಕಳಲ್ಲಿ ಇದೇ ಸಂಬಂಧ ಮಂದವಾಗಿ ಕಾಣುತ್ತದೆ. ಇಂಗ್ಲೆಂಡಿನ ಏವನ್ ಪ್ರದೇಶದ ಮಕ್ಕಳಲ್ಲಿ ಬಳ್ಳಿಯ ಲೆಪ್ಟಿನ್ ಕಮ್ಮಿ ಇದ್ದವರು ಮೊದಲ ನಾಲ್ಕು ತಿಂಗಳಲ್ಲಿ ಹೆಚ್ಚು ವೇಗವಾಗಿ ತೂಕ ಏರಿದರು ಎಂದು 1999ರಲ್ಲಿ ತೋರಿಸಿದರು. ಅಮೆರಿಕದ ಮ್ಯಾಸಚೂಸೆಟ್ಸ್‌ನ 'ಪ್ರಾಜೆಕ್ಟ್ ವಿವಾ' ಎಂಬ ತಾಯಿ-ಮಕ್ಕಳ ಅಧ್ಯಯನದಲ್ಲಿಯೂ 2009ರಲ್ಲಿ ಅದೇ ದಿಕ್ಕಿನ ಫಲಿತಾಂಶ ಬಂತು: ಬಳ್ಳಿಯ ಲೆಪ್ಟಿನ್ ಹೆಚ್ಚಿದ್ದವರು ಮೊದಲ ಆರು ತಿಂಗಳಲ್ಲಿ ಉದ್ದಕ್ಕೆ ಹೋಲಿಸಿದರೆ ಕಮ್ಮಿ ತೂಕ ಗಳಿಸಿದರು, ಮೂರನೇ ವರ್ಷಕ್ಕೂ ತೆಳ್ಳಗಿದ್ದರು.

ಆದರೆ ಇದನ್ನು ಹಾಗೆಯೇ ಎತ್ತಿ ನಮ್ಮ ಮಕ್ಕಳಿಗೆ ಅಂಟಿಸಬಾರದು. ಪುಣೆಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಯಾಜ್ಞಿಕ್ ಮತ್ತು ತಂಡದವರು ತೋರಿಸಿದ್ದು ನೆನಪಿರಲಿ. ಪುಣೆ ಸುತ್ತಲಿನ ಹಳ್ಳಿಗಳ ಮಕ್ಕಳ ಸರಾಸರಿ ಜನನ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಮಕ್ಕಳದ್ದು 3.5 ಕಿಲೋ. ಸ್ನಾಯು ಮತ್ತು ಹೊಟ್ಟೆಯೊಳಗಿನ ಅಂಗಗಳ ಗಾತ್ರದಲ್ಲಿ ನಮ್ಮವು ಬಹಳ ಹಿಂದೆ. ಬೆನ್ನಿನ ಹೆಗಲೆಲುಬಿನ ಕೆಳಗಿನ ಕೊಬ್ಬಿನ ಪದರದಲ್ಲಿ ಮಾತ್ರ ಅಷ್ಟು ಹಿಂದಿಲ್ಲ. ಲಂಡನ್ನಿನ ಮಕ್ಕಳ ಜತೆ ಹೋಲಿಸಿದ ಇನ್ನೊಂದು ಅಧ್ಯಯನದಲ್ಲಿ ಬಳ್ಳಿಯ ರಕ್ತದ ಇನ್ಸುಲಿನ್ ನಮ್ಮ ಮಕ್ಕಳಲ್ಲಿ ಹೆಚ್ಚು, ಅಡಿಪೊನೆಕ್ಟಿನ್ ಕಮ್ಮಿ. ತೂಕ ಕಮ್ಮಿ ಎಂದ ಮಾತ್ರಕ್ಕೆ ಕೊಬ್ಬೂ ಕಮ್ಮಿ, ಲೆಪ್ಟಿನ್ನೂ ಕಮ್ಮಿ ಎಂದು ಇಲ್ಲಿ ಊಹಿಸುವಂತಿಲ್ಲ.

ಅಡಿಪೊನೆಕ್ಟಿನ್ ಯಾಕೆ ಉಲ್ಟಾ? ದೊಡ್ಡವರಲ್ಲಿ ಕೊಬ್ಬಿನ ಕೋಶಗಳು ಉಬ್ಬಿ, ಉರಿಯೂತ ಸೇರಿ, ಅಡಿಪೊನೆಕ್ಟಿನ್ ತಯಾರಿಕೆ ಕುಗ್ಗುತ್ತದೆ. ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿದ್ದಷ್ಟೂ ಕುಗ್ಗುವುದು ಜಾಸ್ತಿ. ಶಿಶುವಿನ ಕೊಬ್ಬಿನ ಕೋಶಗಳು ಸಣ್ಣವು, ಹೊಸವು, ಬಹುಪಾಲು ಚರ್ಮದಡಿಯಲ್ಲಿರುವಂಥವು. ಆ ಅಡ್ಡಿ ಇನ್ನೂ ಶುರುವಾಗಿರುವುದಿಲ್ಲ. ಹಾಗಾಗಿ ಬಳ್ಳಿಯ ರಕ್ತದಲ್ಲಿ ಅದರ ಮಟ್ಟ ದೊಡ್ಡವರಿಗಿಂತ ಎರಡು ಮೂರು ಪಟ್ಟು. ಮುಂದಿನ ತೂಕದ ಜತೆ ಅದರ ಸಂಬಂಧ ಮಾತ್ರ ಒಂದೊಂದು ಅಧ್ಯಯನದಲ್ಲಿ ಒಂದೊಂದು ದಿಕ್ಕಿಗಿದೆ. ಹಾಳೆಯಲ್ಲಿ ಅದನ್ನು ಎತ್ತದಿರುವುದೇ ಒಳ್ಳೆಯದು.

ಅಳತೆಪಟ್ಟಿ

ಪರೀಕ್ಷೆಯ ಬಗ್ಗೆ ನಾನು ಬರೆಯುತ್ತೇನೆ. ಒಂದೊಂದು ಮಗುವಿಗೆ ಮಾಡಿಸಿ ಭವಿಷ್ಯ ಹೇಳುವಂಥ ಪರೀಕ್ಷೆ ಇದು ಅಲ್ಲವೇ ಅಲ್ಲ. ದುಡ್ಡು ಕೊಟ್ಟು ಯಾರೂ ಮಾಡಿಸುವುದು ಬೇಡ.

ದಿನ ತುಂಬಿದ ಮಕ್ಕಳಲ್ಲಿ ಬಳ್ಳಿಯ ಲೆಪ್ಟಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 5ರಿಂದ 15 ನ್ಯಾನೊಗ್ರಾಂ ಆಸುಪಾಸು. ಆದರೆ ಚೆನ್ನಾಗಿಯೇ ಇರುವ ಮಕ್ಕಳಲ್ಲಿ 2 ಕೂಡ ಬರುತ್ತದೆ, 30 ಕೂಡ ಬರುತ್ತದೆ. ಇಷ್ಟು ಹರಡಿರುವಾಗ ಗುಂಪಿನ ಸರಾಸರಿಯಲ್ಲಿ ಕಾಣುವ ವ್ಯತ್ಯಾಸವನ್ನು ಒಂದು ಮಗುವಿನ ಮೇಲೆ ಹೇರಲು ಬರುವುದಿಲ್ಲ. "ಇಷ್ಟಕ್ಕಿಂತ ಕೆಳಗಿದ್ದರೆ ಅಪಾಯ" ಎಂದು ಎಲ್ಲರೂ ಒಪ್ಪಿದ ಗಡಿ ಅಂಕಿಯೂ ಇಲ್ಲ.

ಮಂಗಳೂರು ಕಡೆ ಸ್ನಾತಕೋತ್ತರ ಓದುವವರು ಇದೇ ವಿಷಯ ಪ್ರಬಂಧಕ್ಕೆ ತೆಗೆದುಕೊಳ್ಳುವುದುಂಟು. ಅವರಿಗಾಗಿ ಎಡವುವ ಜಾಗಗಳನ್ನು ಹೇಳಿಬಿಡುತ್ತೇನೆ. ಬಳ್ಳಿಗೆ ಕ್ಲ್ಯಾಂಪ್ ಹಾಕುವುದನ್ನು ಕನಿಷ್ಠ ಒಂದು ನಿಮಿಷ ತಡಮಾಡಬೇಕೆಂಬ ನಿಯಮವನ್ನು ಮಾದರಿಗೋಸ್ಕರ ಮುರಿಯಬಾರದು. ಮಗುವಿಗೆ ಸೇರಬೇಕಾದ ರಕ್ತ ಮೊದಲು ಮಗುವಿಗೆ. ಆಮೇಲೆ ಮಾಸಿನ ಕಡೆಯ ಬಳ್ಳಿಯನ್ನು ಚೆನ್ನಾಗಿ ಒರೆಸಿ, ದಪ್ಪ ರಕ್ತನಾಳಕ್ಕೆ, ಅಂದರೆ ಅಭಿಧಮನಿಗೆ, ಸೂಜಿ ಚುಚ್ಚಿ ಎಳೆಯಬೇಕು. ಬಳ್ಳಿಯನ್ನು ಹಿಂಡಿ ಬಟ್ಟಲಿಗೆ ಹಿಡಿದರೆ ತಾಯಿಯ ರಕ್ತ ಬೆರೆಯುತ್ತದೆ. ಗರ್ಭಿಣಿಯ ರಕ್ತದಲ್ಲಿ ಲೆಪ್ಟಿನ್ ಮಾಮೂಲಿಗಿಂತ ಬಹಳ ಹೆಚ್ಚು, ಯಾಕೆಂದರೆ ಮಾಸು ಕೂಡ ಅದನ್ನು ತಯಾರಿಸಿ ಬಹುಪಾಲನ್ನು ತಾಯಿಯ ಕಡೆಗೇ ಬಿಡುತ್ತದೆ. ನಾಲ್ಕು ಹನಿ ಬೆರೆತರೂ ಅಂಕಿ ಕೆಟ್ಟಿತು. ಮಾದರಿಯನ್ನು ಐಸಿನಲ್ಲಿಟ್ಟು ಒಂದೆರಡು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಾಡಿ, ಪ್ಲಾಸ್ಮಾವನ್ನು ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿ, ಮೈನಸ್ 80 ಡಿಗ್ರಿಯಲ್ಲಿಡಬೇಕು. ಒಂದೇ ಟ್ಯೂಬನ್ನು ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸುವುದು ಬೇಡ.

ಅತಿ ಸಾಮಾನ್ಯ ತಪ್ಪು ಅಡಿಪೊನೆಕ್ಟಿನ್ ಎಲಿಸಾದಲ್ಲಿ, ಅಂದರೆ ಕಿಟ್ ಬಳಸಿ ಹಾರ್ಮೋನಿನ ಪ್ರಮಾಣ ಅಳೆಯುವ ಪರೀಕ್ಷೆಯಲ್ಲಿ. ಲೆಪ್ಟಿನ್ ಇರುವುದು ನ್ಯಾನೊಗ್ರಾಂನಲ್ಲಿ, ಅಡಿಪೊನೆಕ್ಟಿನ್ ಮೈಕ್ರೊಗ್ರಾಂನಲ್ಲಿ, ಸಾವಿರ ಪಟ್ಟು ವ್ಯತ್ಯಾಸ. ಕಿಟ್ಟಿನಲ್ಲಿ ದೊಡ್ಡವರ ರಕ್ತಕ್ಕೆ ಹೇಳಿದಷ್ಟೇ ತೆಳು ಮಾಡಿದರೆ ಬಳ್ಳಿಯ ರಕ್ತದ ಅಂಕಿ ಪ್ರಮಾಣರೇಖೆಯ ಮೇಲುತುದಿಗೆ ಹೋಗಿ ಕೂರುತ್ತದೆ, ಎಲ್ಲ ಮಕ್ಕಳೂ ಒಂದೇ ಥರ ಕಾಣುತ್ತಾರೆ. ಮೊದಲು ನಾಲ್ಕೈದು ಮಾದರಿಗಳನ್ನು ಎರಡು ಮೂರು ಬೇರೆ ಬೇರೆ ಪ್ರಮಾಣದಲ್ಲಿ ತೆಳು ಮಾಡಿ ನೋಡಿ. ಗುಣಿಸಿದಾಗ ಅದೇ ಉತ್ತರ ಬರಬೇಕು. ಮಗು ಗಂಡೋ ಹೆಣ್ಣೋ, ಎಷ್ಟನೇ ವಾರ, ತಾಯಿಯ ತೂಕ, ಸಕ್ಕರೆ ಕಾಯಿಲೆ, ಹೆರಿಗೆಯ ವಿಧ, ಇಷ್ಟೂ ಬರೆದಿಡದ ಲೆಪ್ಟಿನ್ ಅಂಕಿಯಿಂದ ಏನೂ ಪ್ರಯೋಜನವಿಲ್ಲ.

ಎದೆಹಾಲಿನ ಲೆಪ್ಟಿನ್ ಅಳೆಯುವುದು ಇನ್ನೂ ಕಷ್ಟ. ಹಾಲಿನ ಜಿಡ್ಡು ಪರೀಕ್ಷೆಗೆ ಅಡ್ಡಿ. ಕೆನೆ ತೆಗೆದು ಅಳೆದವರ ಅಂಕಿ ಬೇರೆ, ಇಡಿ ಹಾಲು ಅಳೆದವರ ಅಂಕಿ ಬೇರೆ. ಇದ್ದದ್ದು ನಿಜ, ತಾಯಿಯ ಮೈತೂಕದ ಜತೆ ಏರುವುದೂ ನಿಜ. ಅದು ಮನುಷ್ಯ ಶಿಶುವಿನ ಹೊಟ್ಟೆಯಿಂದ ರಕ್ತಕ್ಕೆ ಸೇರಿ ಹಸಿವನ್ನು ತಡೆಯುತ್ತದೆ ಎಂಬುದಕ್ಕೆ ಪುರಾವೆ ಹೆಚ್ಚಾಗಿ ಇಲಿಗಳಿಂದ ಬಂದದ್ದು. ಎದೆಹಾಲು ಶ್ರೇಷ್ಠ ಎನ್ನಲು ಲೆಪ್ಟಿನ್ನಿನ ಆಸರೆ ಬೇಕಾಗಿಲ್ಲ, ಬೇರೆ ಗಟ್ಟಿ ಕಾರಣಗಳು ಬೇಕಾದಷ್ಟಿವೆ.

ಶಿರಿಯ ಹೊಳೆ

ಹಾರ್ಮೋನಿನ ಮಾತು ಸರಿ. ಆದರೆ ತೂಕವೇ ತಪ್ಪಿದ್ದರೆ ಮೇಲಿನ ಎಲ್ಲ ವಿಚಾರ ನೀರಲ್ಲಿ ಹೋಮ. ಪಯಸ್ವಿನಿ ಅಕ್ಕ, ನಿಮ್ಮ ಹಾಳೆಯ ಒಂದು ಪೂರ್ತಿ ಪುಟವನ್ನು ತೂಗುವುದಕ್ಕೇ ಮೀಸಲಿಡಿ.

ಗಡಿಯಾರದ ಮುಖದ ಹಾಗಿರುವ ನೇತಾಡುವ ತಕ್ಕಡಿ 25 ಕಿಲೋದ್ದು, ಅದರ ಒಂದು ಗೆರೆ 100 ಗ್ರಾಂ. ಎಳೆಮಗು ದಿನಕ್ಕೆ ಏರುವುದು 25ರಿಂದ 30 ಗ್ರಾಂ. ಅಂದರೆ ಆ ತಕ್ಕಡಿಯಲ್ಲಿ ಮೂರು ದಿನದ ಏರಿಕೆ ಒಂದು ಗೆರೆಯೂ ಅಲ್ಲ. ಮೊದಲ ಮೂರು ತಿಂಗಳು 10 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯೇ ಬೇಕು. ಪ್ರತಿ ಸಲ ತೂಗುವ ಮೊದಲು ಬಟ್ಟೆ ಹಾಸಿ ಸೊನ್ನೆ ಮಾಡಿ. ತಿಂಗಳಿಗೊಮ್ಮೆ ಒಂದು ಕಿಲೋದ ಸೀಲು ಒಡೆಯದ ಉಪ್ಪಿನ ಪ್ಯಾಕೆಟ್ ಇಟ್ಟು ನೋಡಿ. 30 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೊದಲು ಬ್ಯಾಟರಿ ಬದಲಿಸಿ. ಹಳೆಯ ಮನೆಗಳ ನೆಲ ಸಮತಟ್ಟು ಇರುವುದಿಲ್ಲ, ಹಲಗೆ ಇಟ್ಟು ಅದರ ಮೇಲೆ ತಕ್ಕಡಿ ಇಡಿ. ಚಾಪೆ, ಹಾಸಿಗೆ ಮೇಲೆ ಇಟ್ಟರೆ ಅಂಕಿ ನಿಲ್ಲುವುದೇ ಇಲ್ಲ.

ಮಗುವನ್ನು ಬರಿಮೈಯಲ್ಲಿ ತೂಗಬೇಕು, ಅದೂ ಹಾಲು ಕುಡಿಸುವ ಮೊದಲು. ಒದ್ದೆಯಾದ ಡಯಾಪರ್ 50ರಿಂದ 100 ಗ್ರಾಂ, ಒಂದು ಹೊತ್ತಿನ ಹಾಲು 60ರಿಂದ 90 ಗ್ರಾಂ. ಎರಡೂ ಸೇರಿದರೆ ಐದು ದಿನದ ಏರಿಕೆಯಷ್ಟಾಯಿತು. ಒಂದು ತಿಂಗಳು ಹಾಗೆ ತೂಗಿ, ಮರು ತಿಂಗಳು ಹೀಗೆ ತೂಗಿದರೆ ಗೆರೆ ಸುಮ್ಮನೆ ಬಾಗುತ್ತದೆ, ಸುಮ್ಮನೆ ಗಾಬರಿ. ಜಿಟಿಜಿಟಿ ಮಳೆಗಾಲದಲ್ಲಿ ಮಗು ಚಳಿಗೆ ನಡುಗುವ ಹಾಗಿದ್ದರೆ ಒಣಗಿದ ಅಂಗಿಯಲ್ಲೇ ತೂಗಿ, ಅದೇ ಥರದ ಅಂಗಿಯನ್ನು ಬೇರೆ ತೂಗಿ ಕಳೆಯಿರಿ.

ಲೆಕ್ಕ ಎಲ್ಲಿಂದ ಹಿಡಿಯುವುದು ಎನ್ನುವಲ್ಲೂ ಜನ ತಪ್ಪುತ್ತಾರೆ. ಹುಟ್ಟಿದ ಮೊದಲ ದಿನಗಳಲ್ಲಿ ಶೇಕಡಾ 7ರಿಂದ 10ರವರೆಗೆ ತೂಕ ಇಳಿಯುತ್ತದೆ. 10ರಿಂದ 14 ದಿನಕ್ಕೆ ಜನನ ತೂಕಕ್ಕೆ ಬಂದು ಮುಟ್ಟುತ್ತದೆ. ಸಿಸೇರಿಯನ್ ಆಗಿ ತಾಯಿಗೆ ತುಂಬಾ ಡ್ರಿಪ್ ಹಾಕಿದ್ದರೆ ಮಗುವಿನ ಮೈಯಲ್ಲೂ ನೀರು ಹೆಚ್ಚಿರುತ್ತದೆ, ಮೊದಲ ದಿನ ಮೂತ್ರದಲ್ಲಿ ಹೋಗುತ್ತದೆ, ಇಳಿಕೆ ಇನ್ನೂ ಹೆಚ್ಚು ಕಾಣುತ್ತದೆ. "ಹಾಲು ಸಾಲದು" ಅಂತ ಡಬ್ಬ ತೆರೆಯುವುದು ಬಹುಪಾಲು ಈ ನಾಲ್ಕನೇ ಐದನೇ ದಿನದಲ್ಲೇ. ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಮೂತ್ರ ಹೋಗುತ್ತಿದ್ದರೆ, ಮಲ ಹಳದಿಗೆ ತಿರುಗಿದ್ದರೆ ಹಾಲು ಸಾಲುತ್ತಿದೆ ಅಂತಲೇ ಅರ್ಥ. ಆಶಾ ಕಾರ್ಯಕರ್ತೆ ಮನೆಗೆ ಬರುವುದು 3, 7, 14, 21, 28 ಮತ್ತು 42ನೇ ದಿನ. ಆ ಆರು ತೂಕಗಳನ್ನು ಕಾರ್ಡಿನಲ್ಲಿ ದಿನಾಂಕ ಸಮೇತ ಬರೆಸಿಕೊಳ್ಳಿ.

ಉದ್ದ ಅಳೆಯಲು ಇಬ್ಬರು ಬೇಕೇ ಬೇಕು. ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ಹಿಡಿಯಬೇಕು, ಇನ್ನೊಬ್ಬರು ಎರಡೂ ಮೊಣಕಾಲು ಒತ್ತಿ ಪಾದಕ್ಕೆ ಪಟ್ಟಿ ತಾಗಿಸಬೇಕು. ಟೇಪು ಹಿಡಿದು ಮೈಗುಂಟ ಅಳೆದದ್ದು ಲೆಕ್ಕಕ್ಕಿಲ್ಲ.

ಪಯಸ್ವಿನಿ

ಮೂವರಿಗೂ ವಂದನೆಗಳು. ಲೆಪ್ಟಿನ್ ಪರೀಕ್ಷೆಯ ಭಾಗವನ್ನು ಹಾಳೆಯಿಂದ ತೆಗೆದೆ. ಆದರೆ ಆ 2.3 ಕಿಲೋ ಮಗುವಿನ ಲೆಕ್ಕಕ್ಕೆ ಉತ್ತರ ಬೇಕಿತ್ತು. ತೂಕ ಸರಿಯಾಗಿಯೇ ನೋಡಿದ್ದು ಅಂದುಕೊಳ್ಳಿ. ಸಣ್ಣ ಮಗು ಬೇಗ ಏರಿದ್ದು ಒಳ್ಳೆಯದಲ್ಲವೇ? ಇನ್ನೊಂದು, ಮೂರು ನಾಲ್ಕು ತಿಂಗಳಿಗೇ ಬಾಳೆಕಾಯಿ ಹುಡಿಯ ಮಣ್ಣಿ (ಗಟ್ಟಿ ಗಂಜಿ) ಶುರು ಮಾಡುವ ಮನೆಗಳಿವೆ. ಅವರಿಗೆ ಏನು ಹೇಳುವುದು?

ಮಧುವಾಹಿನಿ

ವಿಶ್ವ ಆರೋಗ್ಯ ಸಂಸ್ಥೆಯ 2006ರ ಚಾರ್ಟಿನಲ್ಲಿ ಹೆಣ್ಣುಮಕ್ಕಳ ನಡುಗೆರೆ ಹುಟ್ಟಿದಾಗ 3.2, ಒಂದು ತಿಂಗಳಿಗೆ 4.2, ಎರಡಕ್ಕೆ 5.1, ಮೂರಕ್ಕೆ 5.8 ಕಿಲೋ. ನಿಮ್ಮ ಮಗು ಮೈನಸ್ 2 ಗೆರೆಗಿಂತ ಕೆಳಗಿನಿಂದ ಹೊರಟು ಮೂರೇ ತಿಂಗಳಲ್ಲಿ ನಡುಗೆರೆಗೆ ಬಂತು. ದಿನಕ್ಕೆ ಸುಮಾರು 38 ಗ್ರಾಂ. ನಡುಗೆರೆಯಿಂದ ಮಗು ಎಷ್ಟು ಗೆರೆ ಮೇಲೆ ಅಥವಾ ಕೆಳಗಿದೆ ಎಂಬುದೇ ಝಡ್ ಅಂಕ; ನಡುಗೆರೆ ಸೊನ್ನೆ. ಎರಡು ಅಳತೆಗಳ ನಡುವೆ ಅದು 0.67ಕ್ಕಿಂತ ಹೆಚ್ಚು ಏರಿದರೆ "ವೇಗದ ಏರಿಕೆ" ಎನ್ನುತ್ತಾರೆ. ಇಲ್ಲಿ ಎರಡಕ್ಕಿಂತ ಹೆಚ್ಚು ಏರಿದೆ.

ಸಣ್ಣ ಮಗು ಏರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಏರದಿದ್ದರೆ ಸೋಂಕಿನ ಭಯ, ಮಿದುಳಿನ ಬೆಳವಣಿಗೆಗೂ ಕೊರತೆ. ನೋಡಬೇಕಾದದ್ದು ಏನು ಏರಿತು ಎಂಬುದನ್ನು. 57 ಸೆಂ.ಮೀ. ಉದ್ದಕ್ಕೆ 5.8 ಕಿಲೋ ಎಂದರೆ ಉದ್ದಕ್ಕೆ ತಕ್ಕ ತೂಕದ ಚಾರ್ಟಿನಲ್ಲಿ ಪ್ಲಸ್ 1 ಮತ್ತು ಪ್ಲಸ್ 2 ಗೆರೆಗಳ ನಡುವೆ. ಅದೇ ತೂಕಕ್ಕೆ ಉದ್ದ 59 ಇದ್ದಿದ್ದರೆ ನಡುಗೆರೆಯ ಹತ್ತಿರವೇ ಇರುತ್ತಿತ್ತು. ಉದ್ದ ಹಿಂದೆ ಬಿದ್ದು ತೂಕ ಮುಂದೆ ಓಡಿದೆ. ಕೂಡಿದ್ದರಲ್ಲಿ ಕೊಬ್ಬಿನ ಪಾಲು ಹೆಚ್ಚು. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಕೊಬ್ಬು ತೂಕದ ಶೇಕಡಾ 12ರ ಆಸುಪಾಸು, ಐದಾರು ತಿಂಗಳಿಗೆ ಕಾಲು ಭಾಗ ದಾಟುವುದು ಸಹಜ. ಆದರೆ ಸಣ್ಣದಾಗಿ ಹುಟ್ಟಿ ಹೀಗೆ ಬೇಗ ದುಂಡಗಾದವರಲ್ಲಿ ಮುಂದೆ ಇನ್ಸುಲಿನ್ ಪ್ರತಿರೋಧ (ಮೈಯಲ್ಲಿ ಇನ್ಸುಲಿನ್ ಇದ್ದರೂ ಸರಿಯಾಗಿ ಕೆಲಸ ಮಾಡದಿರುವುದು) ಬರುವುದು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ.

ಇಷ್ಟರಿಂದ ಗಾಬರಿಯಾಗಿ ಎದೆಹಾಲು ಕಮ್ಮಿ ಮಾಡುವುದು ದೊಡ್ಡ ಅನ್ಯಾಯ. ಬರೀ ಎದೆಹಾಲು ಕುಡಿದು ಹೀಗೆ ಏರಿದ್ದರೆ ಏನೂ ಬದಲಿಸಬೇಡಿ. ತಿಂಗಳ ನಂತರ ತೂಕ, ಉದ್ದ, ತಲೆಯ ಸುತ್ತಳತೆ ಮೂರನ್ನೂ ಮತ್ತೆ ಅಳೆಯಿರಿ. ಮೇಲುಹಾಲು, ಅಂದರೆ ಡಬ್ಬದ ಹಾಲು, ಇದ್ದರೆ ಅಲ್ಲಿ ಕೈ ಹಾಕಬೇಕು. ಸಾಮಾನ್ಯ ಅಳತೆ 30 ಮಿ.ಲೀ. ಕುದಿಸಿ ಆರಿಸಿದ ನೀರಿಗೆ ಡಬ್ಬದೊಳಗಿನ ಅಳತೆ ಚಮಚದಲ್ಲಿ ಒಂದು ಚಮಚ ಹುಡಿ, ತಲೆ ಸಮ ಮಾಡಿದ್ದು. ಗೋಪುರದಂತೆ ತುಂಬಿ ಹಾಕಿದರೆ, "ಗಟ್ಟಿ ಇರಲಿ" ಅಂತ ಇನ್ನೊಂದು ಸೇರಿಸಿದರೆ ಪ್ರೋಟೀನು, ಉಪ್ಪು ಎರಡೂ ಮಿತಿ ಮೀರುತ್ತವೆ. ತೂಕ ಇಳಿಸಲೆಂದು ನೀರು ಹೆಚ್ಚಿಸಿದರೆ ರಕ್ತದ ಸೋಡಿಯಂ ಕುಸಿದು ಫಿಟ್ಸ್ ಬರಬಹುದು. ಎರಡೂ ಬೇಡ.

ಪ್ರೋಟೀನಿನ ಮಾತು ಯಾಕೆಂದರೆ, ಎದೆಹಾಲಿನಲ್ಲಿ 100 ಮಿ.ಲೀ.ಗೆ ಸುಮಾರು 1 ಗ್ರಾಂ, ಹಸುವಿನ ಹಾಲಿನಲ್ಲಿ 3.3 ಗ್ರಾಂ. ಹೆಚ್ಚಿನ ಪ್ರೋಟೀನು ಇನ್ಸುಲಿನ್ ಮತ್ತು ಐಜಿಎಫ್-1 ಹಾರ್ಮೋನುಗಳನ್ನು ಏರಿಸಿ ಕೊಬ್ಬು ಕೂಡಿಸುತ್ತದೆ. ಯುರೋಪಿನ ಐದು ದೇಶಗಳಲ್ಲಿ ಹೆಚ್ಚು ಮತ್ತು ಕಮ್ಮಿ ಪ್ರೋಟೀನಿನ ಡಬ್ಬದ ಹಾಲು ಕೊಟ್ಟು ಹೋಲಿಸಿದಾಗ, ಆರನೇ ವರ್ಷಕ್ಕೆ ಬೊಜ್ಜು ಇದ್ದವರು ಹೆಚ್ಚಿನ ಗುಂಪಿನಲ್ಲಿ ಶೇಕಡಾ 10, ಕಮ್ಮಿಯ ಗುಂಪಿನಲ್ಲಿ 4.4. ನನ್ನ ಪ್ರಕಾರ ಹಾಳೆಯಲ್ಲಿ ಹಾಕಬೇಕಾದ ಅಂಕಿ ಇದು, ಲೆಪ್ಟಿನ್ನಿನದ್ದಲ್ಲ. ಮನೆಯವರ ಕೈಯಲ್ಲಿರುವ ವಿಷಯ ಇದು. ಡಬ್ಬದ ಬ್ರ್ಯಾಂಡ್ ಹೆಸರು ಮಾತ್ರ ಎಲ್ಲೂ ಬರೆಯಬೇಡಿ, ಶಿಶು ಹಾಲಿನ ಪ್ರಚಾರವನ್ನು 1992ರ ಕಾಯಿದೆ ನಿಷೇಧಿಸಿದೆ.

ಗರ್ಭಿಣಿಯರಿಗೂ ಒಂದು ಸಾಲು ಇರಲಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಪಾರ್ಥೆನಾನ್ ಅಧ್ಯಯನದಲ್ಲಿ, ಗರ್ಭದ ಸಕ್ಕರೆ ಕಾಯಿಲೆ ಇದ್ದವರ ಮಕ್ಕಳು ಹುಟ್ಟುವಾಗಲೇ ಹೆಚ್ಚು ಕೊಬ್ಬು ಹೊಂದಿದ್ದರು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ನೋಡಿದ ಸಕ್ಕರೆ 140 ಅಥವಾ ಅದಕ್ಕಿಂತ ಮೇಲಿದ್ದರೆ ಚಿಕಿತ್ಸೆ ಬೇಕು. ಅಂಥ ತಾಯಿಯ ಮಗುವಿನಲ್ಲಿ ಬಳ್ಳಿಯ ಲೆಪ್ಟಿನ್ ಹೆಚ್ಚೇ ಇರುತ್ತದೆ, ಆದರೂ ಮುಂದೆ ದಪ್ಪಗಾಗುವ ಸಾಧ್ಯತೆ ಹೆಚ್ಚೇ. ಲೆಪ್ಟಿನ್ ಒಂದನ್ನೇ ನಂಬಬಾರದು ಎನ್ನಲು ಇದೂ ಒಂದು ಕಾರಣ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದದ್ದು: ಎರಡು ಮೂರು ದಿನದಲ್ಲಿ ಧಡಕ್ಕನೆ ತೂಕ ಏರಿ, ಜತೆಗೆ ರೆಪ್ಪೆ, ಪಾದ ಊದಿಕೊಂಡಿದ್ದರೆ, ಹಾಲು ಕುಡಿಯುವಾಗ ಹಣೆ ಬೆವರಿದರೆ, ನಿಮಿಷಕ್ಕೆ ಉಸಿರು ಎರಡು ತಿಂಗಳೊಳಗಿನ ಮಗುವಿಗೆ 60, ಎರಡು ತಿಂಗಳು ತುಂಬಿದ ಮಗುವಿಗೆ 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ. ಅದು ಕೊಬ್ಬಲ್ಲ, ನೀರು. ಹೃದಯ ಅಥವಾ ಮೂತ್ರಪಿಂಡ ನೋಡಿಸಬೇಕು. ಉದ್ದಕ್ಕೆ ತಕ್ಕ ತೂಕ ಪ್ಲಸ್ 3 ದಾಟಿ, ಎಷ್ಟು ಕುಡಿಸಿದರೂ ಹಸಿವಿನಿಂದ ಚೀರುವ ಮಗುವಿದ್ದರೆ ವಂಶವಾಹಿ ಪರೀಕ್ಷೆಯ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಕಳಿಸಿ. ಲೆಪ್ಟಿನ್ ಪರೀಕ್ಷೆಗೆ ಅರ್ಥ ಬರುವುದು ಅಂಥ ಮಗುವಿನಲ್ಲಿ ಮಾತ್ರ.

ಶಿರಿಯ ಹೊಳೆ

ಮಣ್ಣಿಯ ಬಗ್ಗೆ: ಆರು ತಿಂಗಳು ತುಂಬುವವರೆಗೆ ಬಾಳೆಕಾಯಿ ಹುಡಿ, ರಾಗಿ, ಕೂವೆ ಹುಡಿ ಯಾವುದೂ ಬೇಡ. ಅದು ಹೊಟ್ಟೆ ತುಂಬಿಸಿ ಎದೆಹಾಲನ್ನು ತಳ್ಳುತ್ತದೆ, ಮಗು ಚೀಪುವುದು ಕಮ್ಮಿಯಾಗಿ ತಾಯಿಗೆ ಹಾಲೂ ಕಮ್ಮಿಯಾಗುತ್ತದೆ. ಬಾಳೆಕಾಯಿ ಹುಡಿ ಹೆಚ್ಚುಕಮ್ಮಿ ಬರೀ ಪಿಷ್ಟ. ಅದರಿಂದ ಮಗು ದುಂಡಗಾಗುತ್ತದೆ, ಉದ್ದ ಬೆಳೆಯುವುದಿಲ್ಲ. "ಬೇಡ" ಅಂತ ಅಜ್ಜಿಯಂದಿರಿಗೆ ಹೇಳಿ ಬಿಟ್ಟರೆ ಸಾಲದು, ಯಾವಾಗಿನಿಂದ, ಹೇಗೆ ಅಂತಲೂ ಹಾಳೆಯಲ್ಲಿ ಬರೆಯಿರಿ. ಆರು ತಿಂಗಳು ತುಂಬಿದ ಮೇಲೆ ದಿನಕ್ಕೆ ಎರಡು ಸಲ, ಎರಡು ಮೂರು ಚಮಚದಿಂದ ಶುರು. ಚಮಚ ಓರೆ ಮಾಡಿದರೆ ಸುರಿದು ಹೋಗದಷ್ಟು ದಪ್ಪ ಇರಬೇಕು. ಬಾಳೆಕಾಯಿ ಹುಡಿಯೇ ಆಗಬೇಕೆಂದರೆ ಅದರ ಜತೆ ಹುರಿದ ಹೆಸರುಬೇಳೆ ಹುಡಿ ಸೇರಿಸಿ ಬೇಯಿಸಿ, ಇಳಿಸುವಾಗ ಅರ್ಧ ಚಮಚ ತೆಂಗಿನೆಣ್ಣೆ ಅಥವಾ ತುಪ್ಪ. ಅಂಗನವಾಡಿಯ ಅಮೃತಂ ಹುಡಿಯಲ್ಲಿ ಸಕ್ಕರೆ ಮೊದಲೇ ಇದೆ, ಮೇಲಿಂದ ಬೆಲ್ಲ ಹಾಕುವುದು ಬೇಡ. ಜೇನು ಒಂದು ವರ್ಷದವರೆಗೆ ನಾಲಗೆಗೆ ಮುಟ್ಟಿಸುವುದೂ ಬೇಡ.